ಬೇರು ಕತ್ತರಿಸಿದ ಕಾಡಣಬೆ ಕೊಳ್ಳಬೇಡಿ

ಮಳೆ ಹಿಡಿದಿದೆ. ಸಕಲೇಶಪುರದ ಕಡೆಯಿಂದ ಹಾಸನಕ್ಕೆ ಬರುವ ದಾರಿಯಲ್ಲಿ, ಮೂಡಿಗೆರೆ ರಸ್ತೆಯಲ್ಲಿ, ಸಂತೆಗಳಲ್ಲಿ ಈಗ ಅಣಬೆ ಬುಟ್ಟಿಗಳು ಕಾಣಿಸುತ್ತವೆ. ಗಾಡಿ ನಿಲ್ಲಿಸುವ ಮುಂಚೆ ಇದನ್ನೊಮ್ಮೆ ಓದಿ.

ಕಳೆದ ವರ್ಷ ಆರಿದ್ರಾ ಮಳೆಯಲ್ಲಿ ನಮ್ಮ ಭಾವ ತೋಟದಿಂದ ಬರುತ್ತಾ ರಸ್ತೆಬದಿಯಲ್ಲಿ ಒಂದು ಗುಡ್ಡೆ ಹುತ್ತದ ಅಣಬೆ ತಂದರು. ಕೆಜಿ ಲೆಕ್ಕ ಇಲ್ಲ, ಗುಡ್ಡೆ ಲೆಕ್ಕ. ಮಾರುವವನು ಮಣ್ಣೆಲ್ಲ ತೊಳೆದು, ಬುಡ ನೀಟಾಗಿ ಕತ್ತರಿಸಿ, ಬಾಳೆಎಲೆ ಮೇಲೆ ಜೋಡಿಸಿಟ್ಟಿದ್ದನಂತೆ. ಅತ್ತೆ ಮಲೆನಾಡಿನವರು, ಅಣಬೆ ಕಿತ್ತು ಬೆಳೆದವರು. ಪೊಟ್ಟಣ ಬಿಚ್ಚಿದವರೇ, "ಬೇರೇ ಇಲ್ವಲ್ಲೋ ಇದಕ್ಕೆ?" ಅಂದರು. "ಕ್ಲೀನ್ ಮಾಡಿ ಕೊಟ್ಟಿದಾನಮ್ಮ, ನಿಮಗೆ ಕೆಲಸ ಕಡಿಮೆ ಆಗ್ಲಿ ಅಂತ," ಅಂದರು ಭಾವ.

ಆಮೇಲೆ ಎಲ್ಲ ಮನೆಗಳಲ್ಲೂ ಮಾಡುವ ಪರೀಕ್ಷೆಗಳೇ. ಅರಿಶಿನದ ನೀರಲ್ಲಿ ಹಾಕಿದ್ದಾಯಿತು, ಬಣ್ಣ ಬದಲಾಗಲಿಲ್ಲ. ಕುದಿಯುವಾಗ ಬೆಳ್ಳಿ ಚಮಚ ಇಳಿಬಿಟ್ಟಿದ್ದಾಯಿತು, ಕಪ್ಪಾಗಲಿಲ್ಲ. ಒಂದೆರಡರಲ್ಲಿ ಹುಳ ತಿಂದ ತೂತೂ ಇತ್ತು, ಅದೂ ಒಳ್ಳೇ ಲಕ್ಷಣ ಅಂತ ಲೆಕ್ಕ. ಕಾಯಿ, ಮೆಣಸು ಹುರಿದು ಅರೆದು ಸಾರು ಮಾಡಿದೆವು. ಜೊತೆಗೆ ಕಡುಬು. ರುಚಿಯಲ್ಲಿ ಒಂಚೂರೂ ಅನುಮಾನ ಬರಲಿಲ್ಲ. ಹೇಳಬಾರದು, ಸಾರು ಬಹಳ ಚೆನ್ನಾಗಿತ್ತು.

ಊಟ ಮುಗಿದು ಎರಡು ಗಂಟೆ ಆಗಿರಲಿಲ್ಲ, ಭಾವನಿಗೆ ವಾಂತಿ ಶುರು. ಹಿಂದೆಯೇ ಅತ್ತೆಗೆ, ಆಮೇಲೆ ಅಕ್ಕನ ಮಗನಿಗೆ. ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು, ಮೈಯೆಲ್ಲ ತಣ್ಣಗೆ ಬೆವರು. ಒಬ್ಬರು ಬಚ್ಚಲಿಂದ ಬರುವಷ್ಟರಲ್ಲಿ ಇನ್ನೊಬ್ಬರು ಬಾಗಿಲು ಬಡಿಯುತ್ತಿದ್ದರು. ನಾನು ಬಡಿಸುತ್ತಾ ಕೊನೆಗೆ ಕೂತವಳು, ನನ್ನ ಪಾಲಿಗೆ ಬರೀ ಸಾರು ಉಳಿದಿತ್ತು. ನನಗೂ ಬಿಡಲಿಲ್ಲ. ಹುಡುಗನಿಗೆ ಕಣ್ಣು ಗುಳಿಬಿದ್ದಿದ್ದು ನೋಡಿ 108ಕ್ಕೆ ಫೋನ್ ಮಾಡಿದೆವು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಎರಡೇ ಪ್ರಶ್ನೆ. ತಿಂದದ್ದು ಎಷ್ಟು ಗಂಟೆಗೆ? ವಾಂತಿ ಶುರುವಾಗಿದ್ದು ಎಷ್ಟು ಗಂಟೆಗೆ? ಉತ್ತರ ಕೇಳಿ, "ಬೇಗ ಬಂದಿದೆ, ಸದ್ಯ," ಅಂದರು. ನಮಗೆ ಸಿಟ್ಟೇ ಬಂತು. ಆಮೇಲೆ ಬಿಡಿಸಿ ಹೇಳಿದರು. ತಿಂದ ಒಂದೆರಡು ಗಂಟೆಯಲ್ಲೇ ಹೊಟ್ಟೆ ಕೆಡಿಸುವ ಅಣಬೆ ಜಾಸ್ತಿ ಹಿಂಸೆ ಕೊಡುತ್ತದೆ, ಆದರೆ ಡ್ರಿಪ್ ಹಾಕಿ ನೀರಿನಂಶ ಸರಿದೂಗಿಸಿದರೆ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತಾರೆ. ನಿಜವಾಗಿ ಕೊಲ್ಲುವ ಅಣಬೆ ತಡ ಮಾಡುತ್ತದೆ. ಅಮನೀಟಾ ಜಾತಿಯ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಅನ್ನುವ ವಿಷ ಆರು ಗಂಟೆ, ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಸುಮ್ಮನಿರುತ್ತದೆ. ಆಮೇಲೆ ವಾಂತಿ ಭೇದಿ. ಮಾರನೇ ದಿನ ಎಲ್ಲ ನಿಂತು ಹುಷಾರಾದ ಹಾಗೆ ಕಾಣುತ್ತದೆ. ಮನೆಯವರು ಗಂಜಿ ಕೊಟ್ಟು ನಿರಾಳವಾಗಿರುತ್ತಾರೆ. ಅದೇ ಹೊತ್ತಿಗೆ ಒಳಗೆ ಲಿವರ್ ಕೆಡುತ್ತಿರುತ್ತದೆ. ಈ ವಿಷ ಕುದಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. 2022ರಲ್ಲಿ ಅಸ್ಸಾಂನಲ್ಲಿ ಕಾಡಣಬೆ ತಿಂದು ಹತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳ ಮಂದಿ ಚಹಾ ತೋಟದ ಕಡೆಯವರು. ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲೂ ಮಳೆಗಾಲದಲ್ಲಿ ಅಣಬೆ ಬೇಯದ ದಿನ ಕಡಿಮೆ, ಅಲ್ವಾ?

ಒಂದೇ ಗುಡ್ಡೆಯಲ್ಲಿ ಎರಡು ಮೂರು ಜಾತಿ ಬೆರೆತಿರಬಹುದು, ಬೇಗ ವಾಂತಿ ಬಂತು ಅಂತ ಮನೆಗೆ ಕಳಿಸುವ ಹಾಗಿಲ್ಲ ಅಂತ ನಮ್ಮನ್ನೆಲ್ಲ ಉಳಿಸಿಕೊಂಡು ಲಿವರ್‌ನ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದರು. ಎಲ್ಲ ಸರಿಯಿತ್ತು. ಬಿಲ್ಲಿನ ವಿಷಯ ಬಿಡಿ.

ಬೆರಕೆ ಆಗಿದ್ದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಬೇಯಿಸದೆ ಉಳಿದ ಎರಡು ಕೊಡೆಗಳು ಪೇಪರಿನಲ್ಲಿ ಹಾಗೇ ಇದ್ದವು. ಬಿಎಸ್ಸಿ ಓದುವ ಭಾವನ ಮಗಳು ಅವನ್ನು ಮಗುಚಿ ನೋಡಿದಳು. ಒಂದರ ಅಡಿಯ ಮಡಿಕೆಗಳು ತಿಳಿ ಗುಲಾಬಿ. ಇನ್ನೊಂದರದ್ದು ಮಾಸಲು ಹಸಿರು. ಆ ಎರಡನೆಯದನ್ನು ಬಿಳಿ ಕಾಗದದ ಮೇಲೆ ಬೋರಲಾಗಿಟ್ಟು ಮೇಲೆ ಬಟ್ಟಲು ಮುಚ್ಚಿದಳು. ಬೆಳಗ್ಗೆ ತೆಗೆದರೆ ಕಾಗದದ ಮೇಲೆ ಬೂದುಹಸಿರು ಪುಡಿ, ಚಕ್ರದ ಅರಗಳ ಹಾಗೆ ಗೆರೆಗೆರೆಯಾಗಿ. ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಅಂತ ಅದರ ಹೆಸರು, ಡಾಕ್ಟರು ಹೇಳಿದ ಬೇಗ ಹೊಟ್ಟೆ ಕೆಡಿಸುವ ಜಾತಿಯದು. ಹುಲ್ಲುಗಾವಲು, ಆಟದ ಮೈದಾನ, ಮನೆ ಮುಂದಿನ ಲಾನ್, ಎಲ್ಲಿ ಬೇಕಾದರೂ ಏಳುತ್ತದೆ. ಎಳೆಯದರಲ್ಲಿ ಮಡಿಕೆಯೂ ಬಿಳಿ, ಹಸಿರು ಬರುವುದು ಬಲಿತ ಮೇಲೆ. ಹಾಗಂತ ಹಸಿರು ಪುಡಿ ಬರಲಿಲ್ಲ, ತಿನ್ನಬಹುದು ಅಂತ ಯಾರೂ ಲೆಕ್ಕ ಹಾಕಬೇಡಿ. ಕೊಲ್ಲುವ ಅಮನೀಟಾಗಳ ಪುಡಿ ಬಿಳಿಯೇ.

ಅತ್ತೆ ಕೇಳಿದ ಬೇರಿನ ಪ್ರಶ್ನೆಗೆ ಬರುತ್ತೇನೆ. ಹುತ್ತದ ಅಣಬೆ ಗೆದ್ದಲಿನ ಗೂಡಿನಿಂದಲೇ ಏಳುವಂಥದ್ದು. ನೆಲದೊಳಗೆ ಗೂಡಿನವರೆಗೂ ಉದ್ದಕ್ಕೆ ಬೇರಿನಂಥ ದಂಟು ಇಳಿದಿರುತ್ತದೆ. ಗೆದ್ದಲಿಲ್ಲದೆ ಬೆಳೆಯದ ಕಾರಣ ಇದನ್ನು ಬಟನ್, ಚಿಪ್ಪಣಬೆ, ಹಾಲಣಬೆ ತರಹ ಶೆಡ್ಡಿನಲ್ಲಿ ಬೆಳೆದು ಮಾರುವುದಿಲ್ಲ. ಅಂದರೆ ಬುಟ್ಟಿಯಲ್ಲಿರುವುದೆಲ್ಲ ಯಾರೋ ಎಲ್ಲಿಂದಲೋ ಕಿತ್ತು ತಂದದ್ದು. ಗುರುತಿಗೆ ಇರುವುದು ಆ ಬೇರು, ಅದಕ್ಕಂಟಿದ ಹುತ್ತದ ಮಣ್ಣು. ಅದನ್ನೇ ಕತ್ತರಿಸಿ ತೊಳೆದು ಕೊಟ್ಟರೆ ಉಳಿಯುವುದು ಬಿಳಿ ಕೊಡೆ ಮಾತ್ರ, ಬಿಳಿ ಕೊಡೆ ಹತ್ತಾರು ಜಾತಿಗೆ ಇದೆ. ನಮಗೆ ಮಾರಿದವನು ಬೇಕಂತಲೇ ಬೆರೆಸಿದನೋ ಗೊತ್ತಿಲ್ಲದೆ ಬೆರೆಸಿದನೋ, ನನಗೆ ಎರಡೂ ಒಂದೇ. ಇನ್ನು ಉದ್ದ ಬೇರಿದ್ದರೆ ಸಾಕು ಅಂತಲೂ ಅಲ್ಲ, ಬೇರೆ ಜಾತಿಯ ಕೆಲವಕ್ಕೂ ಇರುತ್ತದೆ. ವರ್ಷಾ ವರ್ಷಾ ಅದೇ ಹುತ್ತದಲ್ಲಿ ಕೀಳುವ, ನಿಮಗೆ ಗೊತ್ತಿರುವ ಮನೆಯವರಿಂದ ಬಂದರೆ ಮಾತು ಬೇರೆ.

ಬೆಳ್ಳಿ ಚಮಚ, ಅರಿಶಿನ, ಬೆಳ್ಳುಳ್ಳಿ, ಅಕ್ಕಿ, ಯಾವುದೂ ಅಣಬೆಯ ವಿಷ ಹಿಡಿಯುವುದಿಲ್ಲ. ಹುಳ, ಬಸವನಹುಳು ವಿಷದ ಅಣಬೆಯನ್ನೂ ಆರಾಮಾಗಿ ತಿನ್ನುತ್ತವೆ.

ಅಕಸ್ಮಾತ್ ಹೀಗೇನಾದರೂ ಆದರೆ ಮಜ್ಜಿಗೆ, ನಿಂಬೆಹಣ್ಣು ಅಂತ ಕಾಯುತ್ತಾ ಕೂರಬೇಡಿ. ತಿಂದವರೆಲ್ಲ ಆಸ್ಪತ್ರೆಗೆ ಹೋಗಿ, ಏನೂ ಆಗದವರೂ ಸೇರಿ. ಊಟದ ಹೊತ್ತು ಬರೆದಿಟ್ಟುಕೊಳ್ಳಿ. ಹಸಿ ಅಣಬೆ ಉಳಿದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ಕಿನಲ್ಲಿ ಬೇಗ ಕೊಳೆತು ಮುದ್ದೆಯಾಗುತ್ತದೆ. ಏನೂ ಉಳಿದಿಲ್ಲವೆಂದರೆ ತಿಪ್ಪೆಗೆ ಹಾಕಿದ ತುಂಡುಗಳಾದರೂ ಸಿಗುತ್ತವಾ ನೋಡಿ. ಮಿಕ್ಕ ಸಾರನ್ನು ನಾಯಿಗೆ ಹಾಕಬೇಡಿ, ಗುಂಡಿ ತೋಡಿ ಮುಚ್ಚಿ.