ಉಳಿದ ವ್ಯಾಡಿಂಗ್ ಚೂರು: ಜೋಡಿಸೋದಾ, ತುಂಬೋದಾ, ಒಲೆ ಮುಂದೆ ಇಡೋದಾ?

ನಮ್ಮ ಧಾರವಾಡ ಕಡೆ ಕೌದಿಗೆ ಹತ್ತಿ ಹಾಕುವ ರೂಢಿ ಇಲ್ಲ. ಹಳೆ ಸೀರೆ, ಧೋತರ ಪದರ ಪದರವಾಗಿ ಹಾಸಿ ಟಾಕಾ ಹಾಕಿದರೆ ಮುಗೀತು. ಆದರೆ ಹಗುರಾಗಿರಬೇಕು, ಮೆತ್ತಗಿರಬೇಕು ಅಂತ ನಡುವೆ ವ್ಯಾಡಿಂಗ್, ಅಂದರೆ ಹತ್ತಿಯ ಅಥವಾ ಪಾಲಿಯೆಸ್ಟರಿನ ಮೆತ್ತನೆ ಹಾಳೆ, ಹಾಕಿ ಹೊಲಿಯುವವರೂ ಈಗ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. "ಹಳೇ ಸೀರಿ ಇರಾಕ ಇದಕ್ಯಾಕ ರೊಕ್ಕಾ ಹಾಕ್ತಿ?" ಅಂತ ನಮ್ಮ ಅತ್ತೆ ಕೇಳುತ್ತಲೇ ಇರುತ್ತಾರೆ. ಅವರ ಮಾತಿನಲ್ಲಿ ನ್ಯಾಯ ಇದೆ. ಅದಕ್ಕೇ, ಅಂಚಿಗೆ ಕತ್ತರಿಸಿ ಉಳಿದ ಚೂರುಗಳನ್ನು ಬಿಸಾಡಲು ಮನಸ್ಸು ಬರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವ್ಯಾಡಿಂಗ್‌ಗೆ ಬೆಲೆ ಇರೋದು ಅದು ಸಮವಾದ ಹಾಳೆಯಾಗಿರೋದರಿಂದ. ಚೂರನ್ನು ಹಾಳೆಯಾಗಿಯೇ ಬಳಸಿದ ಕೆಲಸಗಳು ಚೆನ್ನಾಗಿ ಬಂದವು. ಕತ್ತರಿಸಿ ತುಂಬಿದವು ಅಷ್ಟಕ್ಕಷ್ಟೇ.

ಯಾವ ಕೆಲಸಕ್ಕೂ ಮುಂಚೆ ಚೂರು ಹತ್ತಿಯದೋ ಪಾಲಿಯೆಸ್ಟರಿನದೋ ಗೊತ್ತಿರಬೇಕು. ಎರಡೂ ಬೆಳ್ಳಗೇ ಇರುತ್ತವೆ, ಕಣ್ಣಿಗೆ ಮೋಸ. ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿಕಡ್ಡಿ ತಾಗಿಸಿ ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಎರಡೂ ಆದರೆ ಅದು ಬೆರಕೆ ಮಾಲು. ನಾನು ಮೂರಕ್ಕೂ ಬೇರೆ ಬೇರೆ ಚೀಲ ಇಟ್ಟಿದ್ದೇನೆ.

ಮೊದಲು ಜೋಡಿಸುವ ಕೆಲಸ. ಚೂರು ಒಂದು ಗೇಣಿಗಿಂತ ಅಗಲ ಇದ್ದರೆ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ. ಅಂಚನ್ನು ಪಟ್ಟಿ ಇಟ್ಟು ನೇರವಾಗಿ ಕತ್ತರಿಸಬೇಕು. ಎರಡು ಅಂಚುಗಳನ್ನು ಒಂದಕ್ಕೊಂದು ತಾಗಿಸಿ ಇಡಬೇಕು, ಒಂದರ ಮೇಲೊಂದು ಏರಿಸಬಾರದು. ಏರಿಸಿದರೆ ಅಲ್ಲಿ ಏಣು ಎದ್ದು, ಕೌದಿ ಮೇಲೆ ಮಲಗಿದವರ ಬೆನ್ನಿಗೆ ಗೊತ್ತಾಗುತ್ತದೆ. ಜಿಗ್‌ಜ್ಯಾಗ್ ಇರುವ ಮಷಿನ್ ಆದರೆ ಹೊಲಿಗೆಯ ಅಗಲ 5 ಮಿ.ಮೀ., ಉದ್ದ 3 ಮಿ.ಮೀ. ಹತ್ತಿರ ಇಟ್ಟುಕೊಳ್ಳಿ. ಜಗ್ಗಬೇಡಿ, ಜಗ್ಗಿದರೆ ಅಂಚು ಹಪ್ಪಳದ ಹಾಗೆ ಅಲೆಯಾಗುತ್ತದೆ. ನಮ್ಮ ಮನೆಗಳಲ್ಲಿರುವ ಹಳೆ ಕರಿ ಮಷಿನ್‌ಗಳು ನೇರ ಹೊಲಿಗೆ ಮಾತ್ರ ಹಾಕುತ್ತವೆ. ಅದರಲ್ಲಿ ಇದನ್ನು ಮಾಡಲು ಹೋಗುವುದಕ್ಕಿಂತ, ಕೈಯಲ್ಲಿ ಸಡಿಲವಾಗಿ ಅಡ್ಡಡ್ಡ ಟಾಕಾ ಹಾಕೋದೇ ಲೇಸು. ಟಿವಿ ನೋಡುತ್ತಾ ಕೂತರೆ ಕೆಲಸ ಮುಗಿದಿದ್ದೇ ಗೊತ್ತಾಗಲ್ಲ.

ಇಸ್ತ್ರಿಯಿಂದ ಅಂಟಿಸುವ ಪಟ್ಟಿಯನ್ನೂ ಬಳಸಿ ನೋಡಿದೆ. ಹತ್ತಿ ಹಾಳೆಗೆ ಬೇಗ ಆಗುತ್ತದೆ, ನೀಟಾಗಿಯೂ ಇರುತ್ತದೆ. ಪಾಲಿಯೆಸ್ಟರ್ ಹಾಳೆ ಮಾತ್ರ ಇಸ್ತ್ರಿ ಬಿಸಿಗೆ ಅಪ್ಪಚ್ಚಿಯಾಗಿ, ಜೋಡಿಸಿದ ಕಡೆ ತೆಳ್ಳಗಾಯಿತು. ಅದಕ್ಕೆ ಸೂಜಿದಾರವೇ ಸರಿ.

ಹತ್ತಿಗೆ ಹತ್ತಿ, ಪಾಲಿಯೆಸ್ಟರಿಗೆ ಪಾಲಿಯೆಸ್ಟರ್. ಈ ಪಂಕ್ತಿಭೇದ ಇಲ್ಲಿ ಬೇಕೇಬೇಕು. ಹತ್ತಿ ಹಾಳೆ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. ಪಾಲಿಯೆಸ್ಟರ್ ಕುಗ್ಗುವುದೇ ಇಲ್ಲ ಅನ್ನಬಹುದು. ಎರಡನ್ನೂ ಸೇರಿಸಿದರೆ ಒಗೆದ ಮೇಲೆ ಸುಕ್ಕು ಖಾತ್ರಿ. ಹೀಗೆ ಜೋಡಿಸಿದ ಹತ್ತಿ ಹಾಳೆಯಲ್ಲಿ ತೊಟ್ಟಿಲಿಗೆ ಹಾಸಲು, ಕೂಸಿನ ತಲೆಗೆ ಹಾಕುವ ಕುಂಚಿಗಿಗೆ ಸಾಕಾಗುವಷ್ಟು ತುಂಡು ಸಿಗುತ್ತದೆ. ಕುಂಚಿಗಿಗೆ ಪಾಲಿಯೆಸ್ಟರ್ ಬೇಡ. ನಮ್ಮ ಸೆಕೆಗೆ ಕೂಸಿನ ತಲೆ ಬೆವರುತ್ತದೆ.

ಇದಕ್ಕೆ ಎದುರಾಳಿ ದಿಂಬು. ಚೂರುಗಳನ್ನು ಸಣ್ಣಗೆ ಕತ್ತರಿಸಿ ದಿಂಬಿನ ಖೋಲಿನೊಳಗೆ ತುಂಬಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ತುಂಬುವಾಗ ಖುಷಿ, ಮಲಗುವಾಗ ಅಲ್ಲ. ಹತ್ತಿ ಚೂರು ಗಂಟುಗಂಟಾಗಿ ಭಾರವಾಯಿತು. ಮಳೆಗಾಲದಲ್ಲಿ ಒಗೆದರೆ ಒಣಗಲು ನಮ್ಮ ಬಾಲ್ಕನಿಯ ಬಿಸಿಲು ಸಾಲಲಿಲ್ಲ, ಮುಗ್ಗಲು ವಾಸನೆ ಬಂತು. ಪಾಲಿಯೆಸ್ಟರ್ ಚೂರನ್ನು ಕತ್ತರಿಸದೆ ಬೆರಳಿನಿಂದ ಹಿಂಜಿ ಬಿಡಿಸಿದರೆ ಪರವಾಗಿಲ್ಲ. ಆದರೆ ಒಂದು ದಿಂಬಿಗೆ ಎಷ್ಟು ಹಿಂಜಬೇಕು! ಗಾದಿಯವರು ಹಿಂಜಿ ಕೊಡುವ ಅರಳೆಯ ಎದುರು ಇದು ನಿಲ್ಲಲ್ಲ. ಧಾರವಾಡ, ಗದಗ ಕಡೆಯ ಎರೆಹೊಲದ ಜಯಧರ ತಳಿಯ ಹತ್ತಿಯ ಎಳೆ ಗಿಡ್ಡ, ಒರಟು. ಮೆತ್ತೆ ತುಂಬಲು ಅಂಥದ್ದೇ ಬೇಕು.

ತುಂಬುವ ಕೆಲಸಗಳಲ್ಲಿ ನನಗೆ ಹಿಡಿಸಿದ್ದು ಸೂಜಿ ಚುಚ್ಚಿಡುವ ಪುಟ್ಟ ದಿಂಬು ಮಾತ್ರ. ಇಲ್ಲಿ ಪಾಲಿಯೆಸ್ಟರ್ ಗೆಲ್ಲುತ್ತದೆ. ಹತ್ತಿ ಗಾಳಿಯಿಂದ ತನ್ನ ತೂಕದ ನೂರಕ್ಕೆ 8ರಷ್ಟು ತೇವ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ 1ರಷ್ಟೂ ಇಲ್ಲ. ಆಷಾಢದಲ್ಲಿ ಸೂಜಿಗೆ ತುಕ್ಕು ಹಿಡಿಯುವುದು ತಪ್ಪುತ್ತದೆ.

ಅಂಗೈ ಅಗಲದ ಚೂರಿಗೆ ಅಡುಗೆಮನೆಯೇ ಸರಿಯಾದ ಜಾಗ. ಹತ್ತಿಯ ಎರಡು ಪದರ, ಹೊರಗೆ ಹಳೆ ಜೀನ್ಸ್, ನಾಲ್ಕು ಸಾಲು ಹೊಲಿಗೆ. ಒಳ್ಳೆ ಮಸಿಬಟ್ಟೆ ಆಗುತ್ತದೆ. ಪಾಲಿಯೆಸ್ಟರ್ ಹಾಕಿದ್ದನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅನ್ನದ ಪಾತ್ರೆಗೆ ಎರಡೂ ಒಂದೇ. ಜೋಳದ ರೊಟ್ಟಿ ಹಂಚಿನ ಹತ್ತಿರ ಮಾತ್ರ ಪಾಲಿಯೆಸ್ಟರ್ ತರಲೇಬೇಡಿ. ಅದು 250 ಡಿಗ್ರಿ ದಾಟಿದರೆ ಕರಗುತ್ತದೆ, ಅದಕ್ಕೂ ಮುಂಚೆಯೇ ಚಪ್ಪಟೆಯಾಗಿ ಬಿಸಿ ಬಿಡುತ್ತದೆ. ಕಾದ ಹಂಚು ಆ ಬಿಸಿ ಮುಟ್ಟುವುದು ಕಷ್ಟವೇನಲ್ಲ. ಹತ್ತಿಯದಾದರೂ ಒದ್ದೆ ಇದ್ದಾಗ ಹಿಡಿಯಬೇಡಿ. ನೀರು ಬಿಸಿಯನ್ನು ಸೀದಾ ಕೈಗೆ ದಾಟಿಸುತ್ತದೆ.

ದೀಪದ ಬತ್ತಿ ಮಾಡಬಹುದಾ ಅಂತ ಕೇಳುವವರಿದ್ದಾರೆ. ಬಿಡಿ ಅರಳೆ ಉಳಿದಿದ್ದರೆ ಹೂಬತ್ತಿ ಚೆನ್ನಾಗಿ ಬರುತ್ತದೆ. ಹಾಳೆ ಹತ್ತಿಯನ್ನು ನಂಬಬೇಡಿ. ಕೆಲವು ಹಾಳೆಗಳಲ್ಲಿ ಎಳೆ ಬಿಡದಿರಲಿ ಅಂತ ತೆಳ್ಳನೆ ಪ್ಲಾಸ್ಟಿಕ್ ಜಾಳಿಗೆಯೋ ಅಂಟೋ ಸೇರಿಸಿರುತ್ತಾರೆ. ದೇವರ ಮುಂದೆ ಪ್ಲಾಸ್ಟಿಕ್ ಹೊಗೆ ಯಾಕೆ? ಹಾಗೇ, ಗುಬ್ಬಿ ಗೂಡಿಗಾಗಲಿ ಅಂತ ಗಿಡದ ಮೇಲೆ ಎಳೆ ಇಡುವುದೂ ಬೇಡ. ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಧೂಳು ಒರೆಸಲು ಪಾಲಿಯೆಸ್ಟರ್ ಚೂರು ಹತ್ತಿಗಿಂತ ಮೇಲು. ಫ್ಯಾನ್ ರೆಕ್ಕೆಯ ಒಣ ಧೂಳನ್ನು ಹಿಡಿದುಕೊಳ್ಳುತ್ತದೆ. ಹತ್ತಿ ತನ್ನ ಎಳೆಯನ್ನೇ ಅಲ್ಲಿ ಬಿಟ್ಟು ಬರುತ್ತದೆ. ಆದರೆ ನೀರು ಚೆಲ್ಲಿದಾಗ ಹತ್ತಿಯೇ ಬೇಕು.

ಇನ್ನು ಉಳಿಯೋದು ಎರಡು ಬೆರಳಗಲದ ಉದ್ದನೆ ಪಾಲಿಯೆಸ್ಟರ್ ಪಟ್ಟಿಗಳು. ಜೋಡಿಸಲು ಬೇಸರ, ಮಸಿಬಟ್ಟೆಗೆ ಸಲ್ಲ. ಇವನ್ನು ಕತ್ತರಿಸದೆ ಸುರುಳಿ ಸುತ್ತಿ, ಹಳೆ ಪ್ಯಾಂಟಿನ ಕಾಲಿನೊಳಗೆ ತೂರಿಸಿ, ಧೂಳು ಒಳಗೆ ಬರದಿರಲಿ ಅಂತ ಬಾಗಿಲ ಕೆಳಗಿನ ಸಂದಿಗೆ ಒತ್ತಿ ಇಟ್ಟಿದ್ದೇನೆ. ಹುಬ್ಬಳ್ಳಿಯ ರಸ್ತೆ ಪಕ್ಕದ ಮನೆಯವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಒಂದು ತುದಿಯನ್ನು ಹೊಲಿಯದೆ ಲಾಡಿಯಿಂದ ಕಟ್ಟಿಡಿ, ಖೋಲು ತೆಗೆದು ಒಗೆಯಬಹುದು. ಉದ್ದ ಬಾಗಿಲಿಗಿಂತ ನಾಲ್ಕು ಬೆರಳು ಜಾಸ್ತಿ ಇರಲಿ.