ಐದಡಿ ಸಾಲಿಗೆ 24 ಎಚ್‌ಪಿ ಗಾಡಿ: ಒಂಬತ್ತು ತಿಂಗಳು ಓಡಿಸಿದ ಮೇಲೆ

ನಮ್ಮದು ಮಂಡ್ಯದ ವಿ.ಸಿ. ಫಾರಂ ಕಡೆ ಒಂದು ಊರು. ಎರಡು ಎಕರೆ ಹಿಪ್ಪುನೇರಳೆ, ನಾಲೆ ಕೆಳಗೆ ಒಂದು ಎಕರೆ ಗದ್ದೆ, ಬದಿಯಲ್ಲಿ ಮೂವತ್ತು ತೆಂಗಿನ ಮರ ಇವೆ. 2025ರ ಆಯುಧಪೂಜೆ ದಿನ ಕುಬೋಟಾ ನಿಯೋಸ್ಟಾರ್ ಬಿ2441 ಮಿನಿ ಟ್ರ್ಯಾಕ್ಟರ್ ನಮ್ಮನೆಗೆ ಬಂತು. ಮೀಟರ್ ಈಗ 212 ಗಂಟೆ ತೋರಿಸುತ್ತಿದೆ. ಅಷ್ಟೂ ಗಂಟೆ ಓಡಿಸಿದವಳು ನಾನೇ.

ಅದಕ್ಕೆ ಮೊದಲು ಪವರ್ ಟಿಲ್ಲರ್ ಇತ್ತು. ನಮ್ಮನೆಯವರಿಗೆ ಬೆನ್ನು ನೋವು ಬಂದು, ಇನ್ನು ಟಿಲ್ಲರ್ ಹಿಂದೆ ನಡೆಯಬೇಡಿ ಅಂತ ಡಾಕ್ಟರು ಹೇಳಿದರು. ಆಗ ನಾನು ಹಿಡಿದೆ. ನೆಟ್ಟಗೆ ಹೋಗುವಾಗ ಕಷ್ಟವಿಲ್ಲ. ಸಾಲಿನ ಕೊನೆಯಲ್ಲಿ ತಿರುಗಿಸುವಾಗ ಇಡೀ ಮೈಯ ಬಲ ಹಾಕಿ ಎಳೆಯಬೇಕು. ರಾತ್ರಿ ಮುದ್ದೆ ಮುರಿಯಲೂ ಬೆರಳು ಬಗ್ಗುತ್ತಿರಲಿಲ್ಲ. ಕೂತು ಓಡಿಸುವ ಗಾಡಿ ಬೇಕು ಅಂತ ಹಟ ಹಿಡಿದದ್ದು ಆಗಲೇ.

ಯಾರನ್ನು ಕೇಳಿದರೂ ಮೊದಲು ಹೇಳುವುದು ಎಂಜಿನ್ನಿನ ಬಲ, ಅಂದರೆ ಎಚ್‌ಪಿ. ನಮ್ಮ ಪಕ್ಕದ ಜಮೀನಿನ ಹುಡುಗ, "ತಗೊಳ್ಳೋದ್ ತಗೊಂತಿದ್ದೀಯ, ಇನ್ನೊಂದೂವರೆ ಲಕ್ಷ ಹಾಕಿ ದೊಡ್ಡದೇ ತಗೋ ಕಣಕ್ಕ" ಅಂದ. ಅವನದು ಕಬ್ಬಿನ ಹೊಲ, ಅವನಿಗೆ ಅದು ಸರಿ. ನಾನು ಟೇಪ್ ಹಿಡಿದು ತೋಟಕ್ಕೆ ಹೋದೆ. ನಮ್ಮದು ವಿ-1 ತಳಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಹೇಳುವ ಜೋಡಿ ಸಾಲಿನಂತೆ ನೆಟ್ಟಿದ್ದೇವೆ. ಎರಡು ಸಾಲಿನ ನಡುವೆ ಮೂರಡಿ, ಆಮೇಲೆ ಐದಡಿ ದಾರಿ, ಮತ್ತೆ ಎರಡು ಸಾಲು. ಆ ಐದಡಿಯೊಳಗೆ ಹೋಗಿ ಬರುವುದೇ ನನ್ನ ಗಾಡಿಯ ಕೆಲಸ. ಐದಡಿ ಅಂದರೆ 60 ಇಂಚು. ಗಾಡಿಯ ಹಿಂದೆ ತಿರುಗುತ್ತಾ ಮಣ್ಣು ಪುಡಿ ಮಾಡುವ ರೋಟವೇಟರ್ 42 ಇಂಚಿನದು ಹಾಕಿದರೆ ಎರಡೂ ಕಡೆ ಒಂಬತ್ತೊಂಬತ್ತು ಇಂಚು ಉಳಿಯುತ್ತದೆ. ಅದಕ್ಕಿಂತ ಹತ್ತಿರ ಹೋದರೆ ಬೇರು ಕತ್ತರಿಸುತ್ತದೆ. ಹಾಗಂತ ರೋಟವೇಟರ್ ತೀರಾ ಸಣ್ಣದೂ ಆಗಬಾರದು. ಹಿಂದಿನ ಚಕ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳತೆ ಹಿಡಿಯಿರಿ. ರೋಟವೇಟರ್ ಅದಕ್ಕಿಂತ ಕಡಿಮೆ ಅಗಲ ಇದ್ದರೆ ಚಕ್ರ ತುಳಿದ ಗೆರೆ ಹಾಗೇ ಗಟ್ಟಿಯಾಗಿ ಉಳಿಯುತ್ತದೆ. ಹುಲ್ಲು ಮೊದಲು ಎದ್ದು ಬರುವುದು ಅಲ್ಲೇ.

ಹಾಗಾಗಿ ಅಗಲ ಮೊದಲು ನೋಡಿದೆ, ಎಚ್‌ಪಿ ಆಮೇಲೆ.

ಮೊದಲು 15 ಎಚ್‌ಪಿ ಗಾಡಿಗಳನ್ನು ನೋಡಿದೆವು. ಸ್ವರಾಜ್ 717, ಮಹೀಂದ್ರ ಯುವರಾಜ್ 215. ಎರಡೂ ಒಂದೇ ಸಿಲಿಂಡರ್, ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. ನಮಗೆ ಹೇಳಿದ ಬೆಲೆ ಮೂರೂವರೆ ಲಕ್ಷದ ಆಸುಪಾಸು. ತೆಂಗಿನ ತೋಟ, ಒಣ ಭೂಮಿ, ಗೊಬ್ಬರ ಸಾಗಿಸುವುದು ಇಷ್ಟೇ ಇದ್ದವರಿಗೆ ಅದು ಧಾರಾಳ ಸಾಕು, ಸುಮ್ನೆ ಜಾಸ್ತಿ ಹಣ ಹಾಕಬೇಡಿ. ನಮಗೆ ಹಸಿ ಮಣ್ಣು. ಸೊಪ್ಪು ಕೊಯ್ದ ಎರಡು ಮೂರು ದಿನಕ್ಕೆ ಉಳುಮೆ ಆಗಬೇಕು. ಆಮೇಲೆ ಚಿಗುರು ಶುರುವಾದರೆ ಗಾಡಿ ನುಗ್ಗಿಸುವುದಕ್ಕೆ ಮನಸ್ಸು ಬರುವುದಿಲ್ಲ. ಮಳೆ ಬಂದಿದೆ, ಒಣಗಲಿ ಅಂತ ಕಾದರೆ ಮುಂದಿನ ಬೆಳೆ ಹಿಂದೆ ಬೀಳುತ್ತದೆ. ವರ್ಷಕ್ಕೆ ಐದು ಬೆಳೆ ತೆಗೆಯುವವರಿಗೆ ಒಂದೊಂದು ದಿನವೂ ಲೆಕ್ಕ, ಅಲ್ವಾ? ಅದಕ್ಕೇ ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕಿತ್ತು. ಹೆಚ್ಚಿಗೆ ಕೊಟ್ಟ ಹಣದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

24 ಎಚ್‌ಪಿಯಲ್ಲಿ ಮಹೀಂದ್ರ ಜಿವೋ 245 ಕೂಡ ಓಡಿಸಿ ನೋಡಿದೆ. ಎರಡು ಸಿಲಿಂಡರ್, ನಾಲ್ಕು ಚಕ್ರದ ಎಳೆತ, ಕಡಿಮೆ ವೇಗದಲ್ಲೂ ಒಳ್ಳೆ ಬಲ. ಅದನ್ನು ತಗೊಂಡವರು ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಕುಬೋಟಾಗೆ ಮೂರು ಸಿಲಿಂಡರ್, 1123 ಸಿಸಿ. ಟಿಲ್ಲರ್‌ನ ನಡುಕ ತಿಂದ ಕೈಗೆ ಮೂರು ಸಿಲಿಂಡರಿನ ಓಟ ಹಾಯಾಗಿ ಕಂಡಿತು. ಜೊತೆಗೆ ಪವರ್ ಸ್ಟೇರಿಂಗ್. ಗಂಡಸರು ಇದಕ್ಕೆ ಬೆಲೆ ಕೊಡುವುದು ಕಡಿಮೆ. ಎರಡು ಎಕರೆಯಲ್ಲಿ ಸಾಲಿನ ಕೊನೆ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ನೋಡಿ. ಈಗ ಒಂದೇ ಕೈಯಲ್ಲಿ ತಿರುಗಿಸುತ್ತೇನೆ. ಬ್ರೇಕ್ ಎಣ್ಣೆಯೊಳಗೆ ಮುಳುಗಿರುವಂಥದ್ದು. ಹಾಗಾಗಿ ಗದ್ದೆಯಿಂದ ಎದ್ದು ರಸ್ತೆಗೆ ಬಂದ ಮೇಲೂ ಬ್ರೇಕ್ ಸರಿಯಾಗಿ ಹಿಡಿಯುತ್ತದೆ. ನಾಲೆ ಏರಿಯ ಇಳಿಜಾರಿನಲ್ಲಿ ಇಳಿಯುವವಳಿಗೆ ಇದು ಸಣ್ಣ ವಿಷಯವಲ್ಲ.

ಒಂದು ಬೇಜಾರು ಹೇಳಲೇಬೇಕು. ನಾವು ಹೋದ ಒಂದು ಅಂಗಡಿಯಲ್ಲಿ ಪ್ರಶ್ನೆ ಕೇಳಿದ್ದೆಲ್ಲ ನಾನು, ಉತ್ತರ ಬಂದದ್ದೆಲ್ಲ ನಮ್ಮನೆಯವರಿಗೆ. ಸೀಟಿನ ಮೇಲೆ ಕೂತು ಕ್ಲಚ್ ತುಳಿದು ನೋಡುತ್ತೇನೆ ಅಂದರೆ "ಅದೆಲ್ಲ ಡ್ರೈವರ್ ನೋಡ್ಕೋತಾರೆ ಬಿಡಿ ಮೇಡಂ" ಅಂದರು. ಡ್ರೈವರ್ ನಾನೇ ಅಂತ ಹೇಳಿ ಎದ್ದು ಬಂದೆವು. ಹೆಣ್ಣುಮಕ್ಕಳು ಗಾಡಿ ನೋಡಲು ಹೋದರೆ ದಯವಿಟ್ಟು ಹತ್ತಿ ಕೂರಿ. ನಾನು ಐದಡಿ ಎತ್ತರ. ಕ್ಲಚ್ ಪೂರ್ತಿ ಒತ್ತಿದಾಗ ಸೊಂಟ ಸೀಟಿನಿಂದ ಏಳಬಾರದು, ರೋಟವೇಟರ್ ಎತ್ತಿ ಇಳಿಸುವ ಹೈಡ್ರಾಲಿಕ್ ಲಿವರ್ ಹಿಡಿಯಲು ಹಿಂದಕ್ಕೆ ತಿರುಚಬಾರದು. ಈ ಗಾಡಿಯಲ್ಲಿ ಎರಡೂ ಸಲೀಸು. ಎಂಜಿನ್ನಿನ ಬಲವನ್ನು ಹಿಂದಿನ ರೋಟವೇಟರಿಗೆ ಕೊಡುವ ಪಿಟಿಓ ಶಾಫ್ಟಿಗೆ ಮುಚ್ಚಳ ಇದೆಯಾ ಅಂತಲೂ ನೋಡಿ. ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟು ಸೆರಗು ಸಿಕ್ಕರೆ ಬಿಡುವುದಿಲ್ಲ. ನಾನು ಸೀರೆ ಉಟ್ಟು ಗಾಡಿ ಹತ್ತುವುದೇ ಇಲ್ಲ. ಗಾಡಿ ಮಗುಚಿದರೆ ತಲೆ ಕಾಯುವ ಕಬ್ಬಿಣದ ಚೌಕಟ್ಟೂ ಬೇಕು ಅಂತ ಆಸೆ ಇತ್ತು. ನಮ್ಮ ಬಜೆಟ್ಟಿನಲ್ಲಿ ನೋಡಿದ ಗಾಡಿಗಳಿಗೆ ಅದು ಇರಲಿಲ್ಲ. ಅದಕ್ಕೆ ಬದುವಿನ ಅಂಚಿನಲ್ಲಿ ಓಡಿಸುವುದನ್ನು ಬಿಟ್ಟಿದ್ದೇನೆ.

ಈಗ ಹಣದ ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಸೇರದ ಬೆಲೆ 5 ಲಕ್ಷ ಅಂತಿಟ್ಟುಕೊಂಡರೆ 35 ಸಾವಿರ ಉಳಿಯುತ್ತದೆ. ನಾವು ಹಬ್ಬಕ್ಕೆ ಅಂತ ತಡ ಮಾಡಿದ್ದು ಹೀಗೆ ಅನುಕೂಲವಾಯಿತು. ನೋಂದಣಿ, ವಿಮೆ ಎಲ್ಲ ಸೇರಿ 5 ಲಕ್ಷ 60 ಸಾವಿರ, ರೋಟವೇಟರಿಗೆ 90 ಸಾವಿರ ಬಿತ್ತು. ಮಿನಿ ಟ್ರ್ಯಾಕ್ಟರಿಗೆ ಸಹಾಯಧನ ಇದೆಯಾ ಅಂತ ಗಾಡಿ ಬುಕ್ ಮಾಡುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಸರ್ಕಾರದ ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಸರಿ ಮಾಡಿಟ್ಟುಕೊಳ್ಳಿ.

ಎರಡು ಎಕರೆಗೆ ಇದು ಗಿಟ್ಟುತ್ತದಾ? ನಮ್ಮ ಕೆಲಸಕ್ಕೆ ಮಾತ್ರ ಆದರೆ ಗಿಟ್ಟುವುದಿಲ್ಲ. ಇದನ್ನು ಮುಚ್ಚಿಡುವುದಿಲ್ಲ. 212ರಲ್ಲಿ 70 ಗಂಟೆ ನಮ್ಮದು. ಬಾಕಿ 142 ಗಂಟೆ ಸುತ್ತಮುತ್ತಲ ರೇಷ್ಮೆ ತೋಟಗಳಲ್ಲಿ ಗಂಟೆಗೆ ಸಾವಿರದಂತೆ ಮಾಡಿದ್ದೇನೆ. ಅಂದರೆ 1 ಲಕ್ಷ 42 ಸಾವಿರ. ರೋಟವೇಟರ್ ಹಾಕಿದಾಗ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್ ಕುಡಿಯುತ್ತದೆ. ಆ 142 ಗಂಟೆಯ ಡೀಸೆಲ್ ಖರ್ಚು 32 ಸಾವಿರ ಚಿಲ್ಲರೆ. ಗಾಡಿ ಸಾಲಕ್ಕೆ ಆರು ತಿಂಗಳಿಗೊಂದು ಕಂತು, 52 ಸಾವಿರ. ಹೀಗೆ ಕಂತು ಕಟ್ಟಿ ನಾಲ್ಕು ಕಾಸು ಕೈಯಲ್ಲಿ ನಿಲ್ಲುತ್ತಿದೆ. ಹೊರಗಿನ ಕೆಲಸಕ್ಕೆ ಹೋಗಲು ಆಗದವರು ಹೋಬಳಿಯ ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೆ ತರುವುದೇ ಲೇಸು.

ಹಣ ಉಳಿಸಿದ್ದು ಟ್ರೈಲರಿನಲ್ಲಿ. ಹೊಸದು ಕೊಳ್ಳಲಿಲ್ಲ. ಸೊಪ್ಪು ಮತ್ತು ಗೊಬ್ಬರಕ್ಕೆ ಸಾಕಾಗುವಷ್ಟು ಸಣ್ಣ ಹಳೇ ಟ್ರೈಲರ್ ಸಿಕ್ಕಿತು. ಸೊಪ್ಪು ತರುವಾಗ ಅದರಲ್ಲಿ ಡೀಸೆಲ್ ಕ್ಯಾನ್ ಇಡುವುದೇ ಇಲ್ಲ, ಗಾಡಿಯನ್ನೂ ರೇಷ್ಮೆ ಹುಳು ಸಾಕುವ ಮನೆಯಿಂದ ದೂರ ನಿಲ್ಲಿಸುತ್ತೇನೆ. ಕಬ್ಬು ತುಂಬಿ ಕಾರ್ಖಾನೆಗೆ ಹೊಡೆಯುವ ಆಸೆ ಈ ಗಾಡಿಯ ಮೇಲೆ ಇಡಬೇಡಿ. ಎಳೆಯಬಹುದು, ಆದರೆ ಹಿಂದಿನ ಭಾರ ಇಳಿಜಾರಿನಲ್ಲಿ ಹಗುರ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಈ ಸೈಜಿನ ಯಾವ ಗಾಡಿಗೂ ಅದು ಕೆಲಸವಲ್ಲ. ಗದ್ದೆ ಕೆಸರು ಮಾಡಲು ಕೇಜ್ ವೀಲ್, ಅಂದರೆ ಕಬ್ಬಿಣದ ಪಟ್ಟಿಗಳ ಚಕ್ರ ಹಾಕಿದೆ. ಹಗುರ ಇರುವುದರಿಂದ ಹೂಳಲಿಲ್ಲ. ದೊಡ್ಡ ಗಾಡಿ ಒಂದು ಗಂಟೆಯಲ್ಲಿ ಮುಗಿಸುವುದಕ್ಕೆ ಎರಡು ಗಂಟೆ ಹಿಡಿಯಿತು. ಎತ್ತುವ ಬಲ 750 ಕೆಜಿ, ನಮ್ಮ ರೋಟವೇಟರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ.

ನಾನೇ ಮಾಡಿದ ಒಂದು ತಪ್ಪಿದೆ. ಮೊದಲ ತಿಂಗಳು ನಾಲ್ಕು ಚಕ್ರದ ಲಿವರ್ ಬಿಡಿಸದೆ ಡಾಂಬರು ರಸ್ತೆಯಲ್ಲಿ ಓಡಾಡಿದೆ. ಮುಂದಿನ ಟೈರಿನ ಗುಬಟು ಬೇಗ ಸವೆಯಿತು. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿಕೊಳ್ಳುತ್ತದೆ, ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ರಬ್ಬರೇ ಉಜ್ಜಿಹೋಗುತ್ತದೆ. ಈಗ ತೋಟದ ಬಾಯಲ್ಲಿ ಹಾಕುತ್ತೇನೆ, ರಸ್ತೆಗೆ ಬರುವ ಮುಂಚೆ ಬಿಡಿಸುತ್ತೇನೆ.

ಇನ್ನೊಂದು, ಸಾಲಿನ ಕೊನೆಯಲ್ಲಿ ತಿರುಗಲು ಜಾಗ ಬಿಡಬೇಕು. ನಾವು ಎಂಟಡಿ ಬಿಟ್ಟಿದ್ದೇವೆ. ಅದಕ್ಕಾಗಿ ಪ್ರತಿ ಸಾಲಿನಲ್ಲಿ ಕೊನೆಯ ಗಿಡಗಳನ್ನು ಕಿತ್ತೆವು. ಕೀಳುವ ದಿನ ನಮ್ಮತ್ತೆ ಎರಡು ಸಲ ಬಂದು ತಡೆದರು, ಅವರೇ ನೆಟ್ಟ ಗಿಡಗಳು ಅವು. ಹೊಸ ತೋಟ ಹಾಕುವವರು ನೆಡುವಾಗಲೇ ಆ ಜಾಗ ಬಿಟ್ಟುಬಿಡಿ.