ಸುರತ್ಕಲ್ ಹಾಸ್ಟೆಲಿನ ತಾರಸಿಯಲ್ಲಿ 20 ಕಿಲೋವಾಟ್ ಸೋಲಾರ್: ನಾಲ್ಕು ಮಳೆಗಾಲ ಕಳೆದ ಮೇಲೆ

48 ವಿದ್ಯಾರ್ಥಿಗಳಿರುವ ಕಟ್ಟಡ, ಕಡಲಿಗೆ ಒಂದು ಕಿಲೋಮೀಟರೂ ಇಲ್ಲ. 540 ವಾಟಿನ 37 ಪ್ಯಾನೆಲ್, ದಕ್ಷಿಣಕ್ಕೆ ಮುಖ, 13 ಡಿಗ್ರಿ ಇಳಿಜಾರು. ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸುವ ಆನ್‌ಗ್ರಿಡ್ ಇನ್ವರ್ಟರ್, ಇಲ್ಲಿನ ವಿದ್ಯುತ್ ಕಂಪನಿ ಮೆಸ್ಕಾಂನ ನೆಟ್ ಮೀಟರ್ (ಲೈನಿಗೆ ಕೊಟ್ಟ ಯುನಿಟ್ಟನ್ನು ತೆಗೆದುಕೊಂಡದ್ದರಿಂದ ಕಳೆದು ಲೆಕ್ಕ ಹಾಕುವ ಮೀಟರ್). ಹಗಲು ಹುಡುಗರೆಲ್ಲ ಕಾಲೇಜಿನಲ್ಲಿರುತ್ತಾರೆ, ಖರ್ಚು ರಾತ್ರಿ. ಹಾಗಾಗಿ ನೆಟ್ ಮೀಟರ್ ಇಲ್ಲದೆ ಇದು ಗಿಟ್ಟುವುದಿಲ್ಲ.

ಪ್ಯಾನೆಲ್‌ಗಳ ಬಗ್ಗೆ ದೂರಿಲ್ಲ. ಬೇಸಿಗೆಯಲ್ಲಿ ದಿನಕ್ಕೆ 80 ಯುನಿಟ್ ಆಸುಪಾಸು. ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಅದರ ಅರ್ಧವೂ ಬಾರದ ದಿನಗಳೇ ಹೆಚ್ಚು. ವರ್ಷದ ಸರಾಸರಿ ತೋರಿಸುವ ಕೊಟೇಶನ್ ನಂಬಿ ಜುಲೈ ಬಿಲ್ ಲೆಕ್ಕ ಹಾಕಬೇಡಿ.

ಹಾಳಾಗುವುದು ಅಡಿಯ ಕಬ್ಬಿಣ. ಸ್ಟ್ರಕ್ಚರ್ ಹಾಟ್‌ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿ ದಪ್ಪ ಲೇಪ) ಮಾಡಿದ್ದೇ, ಆದರೆ ಬೋಲ್ಟುಗಳಿಗೆ ಇದ್ದದ್ದು ಸತುವಿನ ತೆಳು ಲೇಪ ಮಾತ್ರ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ವಾಷರಿನ ಅಂಚಿನಿಂದ ಕಂದು ನೀರು ಕಂಬದುದ್ದ ಇಳಿದಿತ್ತು. ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆಗಳೇ ಪುಡಿಯಾಗಿ ಉದುರುತ್ತಿದ್ದವು. ಎಲ್ಲವನ್ನೂ ತೆಗೆದು 316 ದರ್ಜೆಯ ಸ್ಟೈನ್‌ಲೆಸ್ ಹಾಕಬೇಕಾಯಿತು. ಉಪ್ಪುಗಾಳಿಗೆ ಸಾಮಾನ್ಯವಾಗಿ ಸಿಗುವ 304 ದರ್ಜೆಯ ಸ್ಟೈನ್‌ಲೆಸ್ ಕೂಡ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯುತ್ತದೆ. ಆರ್ಡರಿನಲ್ಲೇ 'ಬೋಲ್ಟ್, ನಟ್, ವಾಷರ್ ಎಲ್ಲ 316' ಎಂದು ಬರೆಸಿ. ಗ್ಯಾಲ್ವನೈಸ್ ಆದ ಕಬ್ಬಿಣಕ್ಕೆ ಸೈಟಿನಲ್ಲಿ ಡ್ರಿಲ್ ಹಾಕಲು ಬಿಡಬೇಡಿ, ಆ ತೂತಿನಿಂದಲೇ ತುಕ್ಕು ಶುರು. ಪತ್ತನಾಜೆಗೆ (ಮೇ ಕೊನೆಯ ವಾರದ ಹೊತ್ತಿನ ತುಳು ಆಚರಣೆ, ಮಳೆಗಾಲದ ಮುನ್ಸೂಚನೆ) ಮೊದಲು ಒಂದೊಂದು ಬೋಲ್ಟನ್ನೂ ಬಿಗಿದು ನೋಡಬೇಕು.

ಮಳೆ ತೊಳೆಯುತ್ತದೆ ಎಂದು ಬಿಟ್ಟರೆ ಕೆಳಗಿನ ಫ್ರೇಮಿನ ಬಳಿ ಎರಡು ಬೆರಳು ಅಗಲ ಪಾಚಿ ಕಟ್ಟುತ್ತದೆ. ಪಟ್ಟಿ ಚಿಕ್ಕದಾದರೂ ನಷ್ಟ ಚಿಕ್ಕದಲ್ಲ: ಉದ್ದದ ಬದಿ ಮೇಲೆ-ಕೆಳಗೆ ಬರುವಂತೆ ಕೂರಿಸಿದ ಹಾಫ್‌ಕಟ್ ಪ್ಯಾನೆಲಿನಲ್ಲಿ (ಸೆಲ್‌ಗಳನ್ನು ಅರ್ಧ ಕತ್ತರಿಸಿ ಮೇಲರ್ಧ, ಕೆಳಗರ್ಧ ಬೇರೆ ಬೇರೆ ಜೋಡಿಸಿದ್ದು) ಅಡಿಯ ಸಾಲಿಗೆ ನೆರಳು ಬಿದ್ದರೆ ಕೆಳಗಿನ ಅರ್ಧವೇ ಸೊರಗುತ್ತದೆ. ಮೆತ್ತನೆಯ ಮಾಪ್, ಬರೀ ನೀರು, ಬೆಳಿಗ್ಗೆ ಗಾಜು ಕಾಯುವ ಮೊದಲು. ಸೋಪಿನ ಪುಡಿ ಬೇಡವೇ ಬೇಡ.

ಕರೆಂಟು ಹೋದರೆ ಸೋಲಾರೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನವಾದರೂ ಸರಿ. ರಿಪೇರಿಯ ಲೈನಿಗೆ ಸೋಲಾರ್ ಕರೆಂಟು ಹೋಗದೆ ಲೈನ್‌ಮ್ಯಾನ್ ಜೀವ ಉಳಿಯಲೆಂದೇ ಇನ್ವರ್ಟರ್ ಹಾಗೆ ಮಾಡುತ್ತದೆ, ದೋಷವಲ್ಲ. ಮೆಟ್ಟಿಲು, ಕಾರಿಡಾರ್, ವೈಫೈಗೆ ಬೇರೆ ಬ್ಯಾಟರಿ, ಬೇರೆ ವೈರಿಂಗ್ ಇಡಿ. ಜನರೇಟರ್ ಇದ್ದರೆ ಸೋಲಾರ್ ಸಂಪರ್ಕ ಚೇಂಜ್‌ಓವರ್ ಸ್ವಿಚ್ಚಿನ ಮೆಸ್ಕಾಂ ಬದಿಯಲ್ಲೇ ಇರಲಿ. ಜನರೇಟರ್ ಬದಿಗೆ ಕೊಟ್ಟರೆ ಇನ್ವರ್ಟರ್ ಅದನ್ನೇ ಗ್ರಿಡ್ ಎಂದುಕೊಂಡು ಕರೆಂಟು ಹಿಂದಕ್ಕೆ ನೂಕಬಹುದು, ಜನರೇಟರ್ ಕೆಡುತ್ತದೆ.

ಸಿಡಿಲಿಗೆ ಅರೆಸ್ಟರ್, ಎಸಿ, ಡಿಸಿ ಎರಡೂ ಕಡೆ ಎಸ್‌ಪಿಡಿ (ಹಠಾತ್ ಏರುವ ವೋಲ್ಟೇಜ್ ತಡೆಯುವ ಸಾಧನ), ಮೂರು ಪ್ರತ್ಯೇಕ ಅರ್ಥ್ ಗುಂಡಿ. ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಒಣಗಿದರೆ ಅರ್ಥಿಂಗ್ ಸಿಗುವುದಿಲ್ಲ; ಗುಡುಗು ಶುರುವಾಗುವುದೂ ಆ ಹೊತ್ತಿಗೇ. ಬಿಸು (ಏಪ್ರಿಲ್ ನಡುವಿನ ತುಳು ಹೊಸ ವರ್ಷ) ಬರುವ ಮೊದಲೇ ಗುಂಡಿಗೆ ನೀರು ಹಾಕಿ ಅರ್ಥಿಂಗ್ ಅಳತೆ ನೋಡಿ.

ಕೊನೆಯದಾಗಿ ಫ್ಯಾನ್. 75 ವಾಟಿನ 48 ಹಳೆಯ ಫ್ಯಾನ್ ತೆಗೆದು 28 ವಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ ಬ್ರಶ್ ಇಲ್ಲದ ಮೋಟರಿನ ಫ್ಯಾನ್) ಹಾಕಿದಾಗ, ದಿನಕ್ಕೆ 10 ಗಂಟೆಯಂತೆ 22 ಯುನಿಟ್ ಉಳಿಯಿತು. 5.5 ಕಿಲೋವಾಟ್ ಪ್ಯಾನೆಲ್ ಕೊಡುವಷ್ಟು ಅದು. ಫ್ಯಾನ್ ಮೊದಲೇ ಬದಲಿಸಿದ್ದರೆ ತಾರಸಿಗೆ 15 ಕಿಲೋವಾಟೇ ಸಾಕಿತ್ತು.